ಮೇಣದಲ್ಲಿ ಒಂದು ಪುಟ

ಎಂಟು ಪುಟದ ಅರ್ಜಿಯಲ್ಲಿ ಏಳು ಪುಟಗಳನ್ನು ಅರ್ಧ ಗಂಟೆಯಲ್ಲಿ ತುಂಬಿ ಮುಗಿಸಿದೆ. ವಯಸ್ಸೆಷ್ಟು, ಕೆಲಸವೇನು, ಮನೆಯಲ್ಲಿ ಎಷ್ಟು ಕೋಣೆ, ಕಿಟಕಿಗೆ ಸರಳಿದೆಯೇ, ಕುಡಿಯುವ ನೀರು ಎಲ್ಲಿಂದ, ಯಾರಿಗಾದರೂ ಅಂಟುರೋಗವಿದೆಯೇ. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ. ಎಂಟನೆಯ ಪುಟ ಮಾತ್ರ ಖಾಲಿ ಬಿಟ್ಟಿದ್ದರು. ಪುಟದ ತಲೆಯಲ್ಲಿ ಒಂದೇ ವಾಕ್ಯ: 'ನೀವು ಯಾವುದನ್ನು ನಂಬುತ್ತೀರಿ, ಯಾವುದಕ್ಕೆ ಬೆಲೆ ಕೊಡುತ್ತೀರಿ, ಮಗುವನ್ನು ಆ ಪ್ರಕಾರ ಹೇಗೆ ಬೆಳೆಸುತ್ತೀರಿ ಎಂಬುದನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ.'

"ಇದೇನ್ರೀ ಇದು, ಈ ವಯಸ್ಸಲ್ಲಿ ಪ್ರಬಂಧ ಬರೀಬೇಕಾ ನಾನು?" ಎಂದು ಗಂಡನನ್ನು ಕೇಳಿದೆ.

ನನ್ನ ಗಂಡ ಬಸ್ ಓಡಿಸುತ್ತಾರೆ. ಇಡೀ ದಿನ ಹಾರ್ನ್ ಕೇಳಿ ಕೇಳಿ ಮನೆಯಲ್ಲಿ ಮಾತು ಕಮ್ಮಿ. ಬೂಟಿಗೆ ಪಾಲಿಶ್ ಹಚ್ಚುತ್ತಾ ತಲೆ ಎತ್ತದೆ ಹೇಳಿದರು. "ದಿನಾ ನಂಗೆ ಹೇಳ್ತೀಯಲ್ಲ, ಅದನ್ನೇ ಬರಿ. ಒಂದು ಪುಟ ಸಾಲಲ್ಲ ಅಷ್ಟೆ."

ತಮಾಷೆ ಮಾಡುವ ಹೊತ್ತಾಗಿರಲಿಲ್ಲ ಅದು. ಅಂದು ಸೋಮವಾರ. ಶುಕ್ರವಾರ ಮಕ್ಕಳ ಕಚೇರಿಯ ಅಧಿಕಾರಿಣಿ ಮನೆಗೆ ಬರುವವರಿದ್ದರು. ಅರ್ಜಿ ಓದಿ, ನಮ್ಮಿಬ್ಬರ ಹತ್ತಿರ ಮಾತಾಡಿ, ಆಮೇಲೆ ನಾವು ಸಾಕುತ್ತಿರುವ ಹುಡುಗಿಯನ್ನು ಒಬ್ಬಳನ್ನೇ ಕೂಡಿಸಿಕೊಂಡು ಮಾತಾಡಿ, ಅವಳು ನಮ್ಮಲ್ಲೇ ಉಳಿಯಬೇಕೋ ಬೇರೆ ಕಡೆ ಹೋಗಬೇಕೋ ಎಂದು ಬರೆಯುತ್ತಾರೆ. ಅವರು 'ಬೇಡ' ಎಂದು ಬರೆದರೆ ಮುಗಿಯಿತು, ಮುಂದಿನ ತಿಂಗಳು ಅವಳ ಬಟ್ಟೆಗಳನ್ನು ನಾನೇ ಮಡಿಸಿ ಚೀಲಕ್ಕೆ ತುಂಬಬೇಕು.

ಹುಡುಗಿಗೆ ಎಂಟು ವರ್ಷ. ನಮ್ಮಲ್ಲಿಗೆ ಬಂದಾಗ ಆರು. ತಾಯಿ ಇಲ್ಲ, ತಂದೆ ಯಾರೋ ಎಲ್ಲೋ. ನಮಗಿಂತ ಮುಂಚೆ ಮೂರು ಮನೆಗಳು ಅವಳನ್ನು ಇಟ್ಟುಕೊಂಡು ಕೈಬಿಟ್ಟಿದ್ದವು. ಆ ಮನೆಗಳಲ್ಲಿ ಏನು ನಡೆಯಿತು ಎಂದು ಕಚೇರಿಯವರಿಗೂ ಸರಿಯಾಗಿ ಗೊತ್ತಿಲ್ಲ, ಏಕೆಂದರೆ ಇವಳು ಬಾಯಿ ಬಿಡುವುದಿಲ್ಲ. ಬೇಕು ಬೇಡ, ಹಸಿವು ನಿದ್ದೆ ಇಷ್ಟನ್ನು ಹೇಳುತ್ತಾಳೆ. ತನ್ನ ಬಗ್ಗೆ ಒಂದಕ್ಷರ ಇಲ್ಲ. ಗುಮ್ಮನಗುಸುಕಿ ಎಂದು ನನ್ನ ಗಂಡ ಹೆಸರಿಟ್ಟರು, ಅದು ಸವೆದು ಸವೆದು ಗುಸುಕಿ ಆಯಿತು.

ಅವಳು ನಮ್ಮನ್ನು ಕರೆಯುವ ರೀತಿಯೂ ಹಾಗೇ ವಿಚಿತ್ರ. ಅಮ್ಮ ಅನ್ನು ಎಂದು ಯಾರೂ ಬಲವಂತ ಮಾಡಲಿಲ್ಲ, ಅತ್ತೆ ಅನ್ನಲು ಅವಳಿಗೆ ತೋಚಲಿಲ್ಲ. ಮನೆಯಲ್ಲಿ ಕಿವಿಗೆ ಬಿದ್ದದ್ದನ್ನೇ ಹಿಡಿದುಕೊಂಡಳು. ನಾನು ಗಂಡನನ್ನು 'ರೀ' ಅನ್ನುತ್ತೇನೆ, ಅವರು ನನ್ನನ್ನು 'ಇವಳೇ' ಅನ್ನುತ್ತಾರೆ. ಅದೇ ಅವಳಿಗೂ ಸಾಕಾಯಿತು. "ರೀ, ನನ್ನ ಚಪ್ಪಲಿ ಕಿತ್ತೋಗಿದೆ." "ಇವ್ಳೇ, ನೀರು ಕೊಡು." ಪಕ್ಕದ ಮನೆಯವರು ಕೇಳಿ ಬಿದ್ದು ಬಿದ್ದು ನಕ್ಕರು. ತಿದ್ದಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು. ತಿದ್ದುವುದು ನನ್ನ ಚಟ.

ಚಟ ಅಂದೆನಲ್ಲ, ಅದು ಕಸುಬಿನಿಂದ ಬಂದದ್ದು. ನಾನು ಕಟ್ಟು ಹಲ್ಲು ಮಾಡುವವಳು. ಮುಂದಿನ ಕೋಣೆಯಲ್ಲಿ ಡಾಕ್ಟರು ಬಾಯಿ ನೋಡುತ್ತಾರೆ, ಹಿಂದಿನ ಕೋಣೆಯಲ್ಲಿ ನಾನು ಹಲ್ಲು ಕೂಡಿಸುತ್ತೇನೆ. ಇಪ್ಪತ್ತಾರು ವರ್ಷವಾಯಿತು. ಒಬ್ಬರ ಬಾಯಿಯ ಅಚ್ಚು ಗಚ್ಚಿನಲ್ಲಿ ಬರುತ್ತದೆ. ಅದರ ಮೇಲೆ ಮೇಣದ ವಸಡು ಕಟ್ಟಿ, ಒಂದೊಂದೇ ಹಲ್ಲನ್ನು ಮೇಣದಲ್ಲಿ ಊರುತ್ತೇನೆ. ಆಗಲೇ ಗಟ್ಟಿ ಮಾಡುವುದಿಲ್ಲ. ಮೇಣದಲ್ಲಿರುವಾಗಲೇ ಮುಂದಿನ ಕೋಣೆಗೆ ಹೋಗಬೇಕು, ಹಾಕಿಕೊಳ್ಳುವವರ ಬಾಯಲ್ಲಿ ಕೂರಬೇಕು. ಕಚ್ಚಿ ನೋಡುತ್ತಾರೆ, 'ಸೊಸೆ ಸಂಜೆ ಸಕ್ಕರೆ ಸೋಸಿದಳು' ಎಂದು ಡಾಕ್ಟರು ಹೇಳಿಸುತ್ತಾರೆ, ಕನ್ನಡಿಯಲ್ಲಿ ನಗಿಸುತ್ತಾರೆ. ಎಲ್ಲಿ ಒತ್ತುತ್ತದೆ, ಎಲ್ಲಿ ಗಾಳಿ ಹೋಗುತ್ತದೆ ಎಂದು ಚೀಟಿ ಬರೆದು ವಾಪಸ್ ಕಳಿಸುತ್ತಾರೆ. ಮೇಣ ಬಿಸಿಮಾಡಿ ಸರಿಸುತ್ತೇನೆ. ಒಪ್ಪಿಗೆಯಾದ ಮೇಲೆಯೇ ಅಚ್ಚಿನ ಡಬ್ಬಿಯಲ್ಲಿ ಮುಚ್ಚಿ, ಮೇಣ ಕರಗಿಸಿ ತೆಗೆದು, ಅದರ ಜಾಗಕ್ಕೆ ವಸಡಿನ ಬಣ್ಣದ ಹಿಟ್ಟು ತುಂಬಿ ಬೇಯಿಸುವುದು. ಒಮ್ಮೆ ಬೆಂದಿತೆಂದರೆ ಹಲ್ಲು ಅಲ್ಲಾಡುವುದಿಲ್ಲ. ತಪ್ಪಿದ್ದರೆ ಕೊರೆದು ಕೀಳಬೇಕು.

ಸೋಮವಾರ ಸಂಜೆ ಕೂತು ಬರೆದೆ. ನಾಲ್ಕು ಸಲ ಹರಿದು, ಐದನೆಯದನ್ನು ಒಳ್ಳೆಯ ಹಾಳೆಯಲ್ಲಿ ಮುತ್ತು ಪೋಣಿಸಿದ ಹಾಗೆ ಇಳಿಸಿದೆ. 'ನಾನು ಎಂದಿಗೂ ಸುಳ್ಳು ಹೇಳುವುದಿಲ್ಲ. ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪು ಸಹಿಸುವುದಿಲ್ಲ. ಶಿಸ್ತು, ಶುಚಿತ್ವ, ಸಮಯಪಾಲನೆ ನಮ್ಮ ಮನೆಯ ಉಸಿರು. ಯಾರ ಮೇಲೂ ಸುಮ್ಮನೆ ತಪ್ಪು ಹೊರಿಸುವುದಿಲ್ಲ. ಮಗುವನ್ನು ಈ ದಾರಿಯಲ್ಲೇ ತಿದ್ದಿ ತೀಡಿ ಬೆಳೆಸುತ್ತೇನೆ.' ಹೀಗೇ ಎರಡು ಹಾಳೆ, ಒಂದೇ ಮಗ್ಗುಲಿಗೆ. ಓದಿಕೊಂಡರೆ ನನಗೇ ನನ್ನ ಮೇಲೆ ಗೌರವ ಉಕ್ಕಿತು.

ಮಂಗಳವಾರ ನಾಲ್ಕು ಗಂಟೆಗೆ ಗುಂಡಿ ಅಂಗಡಿಯ ಅಜ್ಜಿ ಬಂದರು.

ನಮ್ಮ ಚಿಕಿತ್ಸಾಲಯದ ಹಿಂದಿನ ಬೀದಿಯಲ್ಲಿ ಅವರದು ಗೂಡಿನಷ್ಟು ದೊಡ್ಡ ಅಂಗಡಿ. ಅಂಗಿಯ ಗುಂಡಿ, ಕೊಕ್ಕೆ, ಜಿಪ್ಪು ಬಿಟ್ಟರೆ ಬೇರೇನೂ ಇಲ್ಲ. ಹಿಂದಿನ ವಾರ ಅವರ ಹಲ್ಲಿನ ಸೆಟ್ಟು ಮೇಣದಲ್ಲಿ ಹೋಗಿ ಒಪ್ಪಿಗೆಯಾಗಿ ಬಂದಿತ್ತು. ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ದೊಡ್ಡ ಸಂದಿ. ಅವರ ಹಳೆಯ ಹಲ್ಲು ಹಾಗೇ ಇತ್ತಂತೆ. ಡಾಕ್ಟರ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: 'ಸಂದಿ ಇರಲಿ.' ಓದಿದೆ. ಓದಲಿಲ್ಲ ಎಂದು ಹೇಳುವ ಹಾಗಿಲ್ಲ. ಡಬ್ಬಿಯಲ್ಲಿ ಮುಚ್ಚುವ ಮುಂಚೆ ಇನ್ನೊಮ್ಮೆ ದೀಪಕ್ಕೆ ಹಿಡಿದೆ. ಆ ಸಂದಿ ನನ್ನ ಕಣ್ಣಿಗೆ ಕಸ ಬಿದ್ದ ಹಾಗೆ ಚುಚ್ಚಿತು. ಈ ಮುದುಕಿಗೇನು ಗೊತ್ತು, ಹಾಕಿಕೊಂಡು ಕನ್ನಡಿ ನೋಡಿದ ಮೇಲೆ ನನ್ನ ಕೈಗೆ ಮುತ್ತು ಕೊಡುತ್ತಾಳೆ ಎಂದುಕೊಂಡು ಚಾಕು ಬಿಸಿಮಾಡಿ ಎರಡೂ ಹಲ್ಲನ್ನು ಒಂದಕ್ಕೊಂದು ತಳ್ಳಿ ಕೂಡಿಸಿದೆ. ಬೇಯಿಸಿದೆ. ಅಂಗಡಿಗೆ ಕಳಿಸಿಯೂಬಿಟ್ಟೆ. ಗುಸುಕಿ ಶಾಲೆ ಬಿಟ್ಟ ಮೇಲೆ ನನ್ನ ಮೇಜಿನ ಮೂಲೆಯಲ್ಲಿ ಕೂತು ಲೆಕ್ಕ ಮಾಡುತ್ತಾಳೆ. ಹಲ್ಲು ತಳ್ಳಿದ ದಿನವೂ ಅಲ್ಲೇ ಇದ್ದಳು, ಅಜ್ಜಿ ಬಂದಾಗಲೂ ಅಲ್ಲೇ ಇದ್ದಳು.

ಅಜ್ಜಿ ಸಿಟ್ಟು ಮಾಡಲಿಲ್ಲ. ಡಾಕ್ಟರು ಚಹಾಕ್ಕೆ ಹೋಗಿದ್ದರು, ಅದಕ್ಕೆ ಸೀದಾ ನನ್ನ ಕೋಣೆಗೇ ಬಂದರು. ಹಲ್ಲು ತೆಗೆದು ಅಂಗೈಯಲ್ಲಿಟ್ಟುಕೊಂಡು, "ತುಂಬಾ ಚೆನ್ನಾಗಿದೆ ಕಣಮ್ಮ. ಆದ್ರೆ ನನ್ನ ಸಂದಿ ಎಲ್ಲಿ ಹೋಯ್ತು?" ಎಂದರು.

ಆ ವಾರವೇ ಅಧಿಕಾರಿಣಿ ನನ್ನ ನಡತೆ ವಿಚಾರಿಸಲು ಡಾಕ್ಟರಿಗೆ ಫೋನ್ ಮಾಡುವವರಿದ್ದರು. ಒಪ್ಪಿಗೆಯಾದ ಹಲ್ಲನ್ನು ಚೀಟಿ ಓದಿಯೂ ಸರಿಸಿದಳು ಎಂದು ಈಗ ಗೊತ್ತಾದರೆ ಡಾಕ್ಟರು ಏನು ಹೇಳಿಯಾರು? ಯೋಚಿಸುವ ಮುಂಚೆಯೇ ನಾಲಿಗೆ ಓಡಿತು.

"ಬೇಯಿಸುವಾಗ ಮೇಣ ಜರುಗಿಬಿಡುತ್ತೆ ಅಜ್ಜಿ. ಅದು ಯಾರ ಕೈಯಲ್ಲೂ ಇಲ್ಲ. ಈಗೇನೂ ಮಾಡೋಕಾಗಲ್ಲ."

"ಹೌದಾ? ಹೋಗ್ಲಿ ಬಿಡಮ್ಮ. ನೀನೇನು ಮಾಡ್ತೀಯ ಪಾಪ." ಹಲ್ಲನ್ನು ಮತ್ತೆ ಹಾಕಿಕೊಂಡು, ಗುಸುಕಿಯ ತಲೆ ಸವರಿ ಹೋದರು. ಗುಸುಕಿ ಲೆಕ್ಕದ ಪುಸ್ತಕದಿಂದ ಕಣ್ಣೆತ್ತಲಿಲ್ಲ. ಅವಳ ಪೆನ್ಸಿಲ್ ಮಾತ್ರ ನಿಂತಿತ್ತು.

ರಾತ್ರಿ ಊಟಕ್ಕೆ ಮುಂಚೆ ನನ್ನ ಎರಡು ಹಾಳೆ ಹೊರತೆಗೆದು, "ನಮ್ಮ ಕಸುಬಿನ ಪದ್ಧತಿ ಇದು. ಯಾರ ಬಾಯಲ್ಲಿ ಇರಬೇಕೋ ಅವರು ಮೊದ್ಲು ಕಚ್ಚಿ ನೋಡಬೇಕು. ಈ ಮನೇಲಿ ಇರೋರು ನೀವಿಬ್ಬರು. ಎಲ್ಲಿ ಒತ್ತುತ್ತೆ ಹೇಳಿ" ಎಂದೆ. ಒತ್ತುವುದಿಲ್ಲ, ಹೊಗಳುತ್ತಾರೆ ಎಂಬ ಧೈರ್ಯದಿಂದಲೇ ಅಂದದ್ದು.

ಗಟ್ಟಿಯಾಗಿ ಓದಿದೆ. 'ಯಾರ ಮೇಲೂ ಸುಮ್ಮನೆ ತಪ್ಪು ಹೊರಿಸುವುದಿಲ್ಲ' ಎಂಬಲ್ಲಿಗೆ ಬಂದಾಗ ಗಂಡ ಕೆಮ್ಮಿದರು.

"ಯಾಕೆ, ಅದರಲ್ಲೇನು ಸುಳ್ಳು?"

"ಏನಿಲ್ಲ. ಗಂಟಲು ಕಟ್ಟಿದೆ."

"ಕನ್ನಡಿ ವಿಷಯ ತಾನೆ? ಅದನ್ನ ಒಡೆದವರು ನೀವೇ ಅಂತ ನೀವೇ ಒಪ್ಪಿಕೊಂಡಿದ್ದೀರಲ್ಲ. ಅದು ಸುಮ್ಮನೆ ಹೊರಿಸಿದ್ದಾ?"

ಆ ಕನ್ನಡಿ ನನ್ನ ಗುರುಗಳು ಕೆಲಸ ಬಿಡುವಾಗ ನನಗೆ ಕೊಟ್ಟದ್ದು, ಹಿಡಿಯಿರುವ ದುಂಡನೆಯ ಕನ್ನಡಿ. ನನಗೆ ಈ ವಿದ್ಯೆ ಕಲಿಸಿದವರು ಅವರು. ಎರಡು ವರ್ಷದ ಹಿಂದೆ ಒಂದು ದಿನ ಮನೆಗೆ ಬಂದರೆ ಅದು ಬಚ್ಚಲಿನ ನೆಲದ ಮೇಲೆ ಮೂರು ಚೂರು. ಗಡ್ಡ ಹೆರೆಯುವಾಗ ಕೈಜಾರಿತು ಎಂದರು ಇವರು. ಅಂದಿನಿಂದ ವಾರಕ್ಕೊಮ್ಮೆಯಾದರೂ ಅದನ್ನು ಎತ್ತಿ ಚುಚ್ಚದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

"ಸರಿ, ಸರಿ. ಮುಂದೆ ಓದು" ಎಂದರು.

ಓದಿ ಮುಗಿಸಿದೆ. ಗುಸುಕಿ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು, ಮೊದಲ ಸಾಲಿನ ಕೆಳಗೆ ಬೆರಳಿಟ್ಟು ನಿಧಾನಕ್ಕೆ ಓದಿದಳು. 'ನಾನು ಎಂದಿಗೂ ಸುಳ್ಳು ಹೇಳುವುದಿಲ್ಲ.' ಬೆರಳು ಅಲ್ಲೇ ಇತ್ತು.

"ಇವ್ಳೇ, ಇದು ಇನ್ನೂ ಮೇಣನಾ, ಬೇಯಿಸಿ ಆಯ್ತಾ?"

ಗಂಡ ನನ್ನ ಮುಖ, ಅವಳ ಮುಖ ನೋಡಿದರು, ಏನೂ ಅರ್ಥವಾಗಲಿಲ್ಲ ಅವರಿಗೆ. ಕೈ ತೊಳೆಯಲು ಎದ್ದು ಹೋದರು. ಆಗ ನಾನು ಮಾಡಬಾರದ ಕೆಲಸ ಮಾಡಿದೆ. ಅವಳ ಪಕ್ಕಕ್ಕೆ ಸರಿದು, ದನಿ ಇಳಿಸಿ, "ನೋಡು ಪುಟ್ಟಾ, ಶುಕ್ರವಾರ ಆ ಮೇಡಂ ನಿನ್ನ ಹತ್ರ ಒಬ್ಬಳ ಹತ್ರನೇ ಮಾತಾಡ್ತಾರೆ. ಅಜ್ಜಿ ಹಲ್ಲಿನ ವಿಷಯ ಅವರಿಗೆ ಹೇಳ್ಬೇಡ, ಆಯ್ತಾ?" ಎಂದೆ.

ಅವಳು ಒಂದು ಕ್ಷಣವೂ ತಡಮಾಡಲಿಲ್ಲ. "ಹೇಳಲ್ಲ" ಎಂದಳು. ನನಗೆ ಸಮಾಧಾನವಾಗಲಿ ಎಂಬಂತೆ ನನ್ನ ಮೊಣಕೈ ಮುಟ್ಟಿ, "ನಂಗೆ ಹೇಳದೇ ಇರೋದು ಚೆನ್ನಾಗಿ ಬರತ್ತೆ. ಅಲ್ಲೆಲ್ಲಾ ಹೇಳ್ಕೊಟ್ಟಿದ್ರು" ಎಂದಳು.

ಅಲ್ಲೆಲ್ಲಾ ಅಂದರೆ ಆ ಮೂರು ಮನೆಗಳು.

ಅವಳ ಮಾತಿನಲ್ಲಿ ದೂರಿರಲಿಲ್ಲ. ನನಗೊಂದು ಉಪಕಾರ ಮಾಡುವ ಸಂತೋಷವಿತ್ತು, ತನಗೆ ಬರುವ ಒಂದು ವಿದ್ಯೆ ನನಗೂ ಉಪಯೋಗಕ್ಕೆ ಬಂತಲ್ಲ ಎಂಬ ಹೆಮ್ಮೆಯಿತ್ತು. ಎರಡು ವರ್ಷ ಈ ಮಗು ಬಾಯಿ ಬಿಡಲಿ ಎಂದು ಕಾದವಳು ನಾನು, ಬಾಯಿ ಬಿಡುವ ಹೊತ್ತಿಗೆ ಬೀಗ ಹಿಡಿದುಕೊಂಡು ನಿಂತವಳೂ ನಾನೇ. ನಾಲ್ಕನೆಯ ಮನೆ ನಮ್ಮದು ಎಂದು ಅನಿಸಿತು. ಥೂ, ನನ್ನ ಜನ್ಮಕ್ಕಿಷ್ಟು.

ಬುಧವಾರ ಬೆಳಿಗ್ಗೆ ಶಾಲೆಗೆ ಬಿಡುವ ಮುಂಚೆ ಅವಳ ಕೈ ಹಿಡಿದುಕೊಂಡು ಗುಂಡಿ ಅಂಗಡಿಗೆ ಹೋದೆ. ಗೋಡೆ ತುಂಬಾ ಸಣ್ಣ ಸಣ್ಣ ಪೆಟ್ಟಿಗೆಗಳು, ಒಳಗೆ ಯಾವ ಗುಂಡಿ ಇದೆಯೋ ಅದೊಂದನ್ನು ಪ್ರತಿ ಪೆಟ್ಟಿಗೆಯ ಹೊರಗೆ ಹೊಲಿದಿದ್ದರು. ಅಜ್ಜಿ ಸ್ಟೂಲಿನ ಮೇಲೆ ನಿಂತು ಧೂಳು ಒರೆಸುತ್ತಿದ್ದರು. ಇಳಿಯುವವರೆಗೂ ಕಾಯಲು ನನ್ನಿಂದಾಗಲಿಲ್ಲ.

"ಅಜ್ಜಿ, ಮೇಣ ಜರುಗಲಿಲ್ಲ. ನಾನೇ ತಳ್ಳಿದ್ದು. ಚೀಟಿ ಓದಿದ್ದೆ. ನಿನ್ನೆ ನಿಮಗೆ ಸುಳ್ಳು ಹೇಳಿದೆ. ಈ ಮಗು ಎದುರಿಗೇ ಹೇಳಿದೆ, ಅದಕ್ಕೇ ಅವಳ ಎದುರಿಗೇ ಹೇಳ್ತಿದೀನಿ."

ಅಜ್ಜಿ ನಿಂತಲ್ಲಿಂದಲೇ ನನ್ನನ್ನು ನೋಡಿದರು. "ಯಾಕಮ್ಮ ತಳ್ಳಿದೆ?"

"ಚೆನ್ನಾಗಿ ಕಾಣ್ಲಿ ಅಂತ."

"ಯಾರಿಗೆ?"

ಇಪ್ಪತ್ತಾರು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ಅಜ್ಜಿ ಇಳಿದು ಬಂದು ಬಾಗಿಲಾಚೆ ಬೆರಳು ತೋರಿಸಿದರು. ರಸ್ತೆಯ ಆ ಬದಿಯಲ್ಲಿ ಒಬ್ಬ ಮುದುಕರು ಸೈಕಲ್ಲೊಂದನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಚಕ್ರ ತಿರುಗಿಸುತ್ತಿದ್ದರು. ನಡುವೆ ಬಸ್ಸು, ಲಾರಿ, ಸ್ಕೂಟರು. "ಅವ್ರು ನಮ್ಮನೆಯವರು. ನಲವತ್ತು ವರ್ಷದಿಂದ ಚಹಾ ಆದ ತಕ್ಷಣ ನಾನು ಇಲ್ಲಿಂದ ಸಿಳ್ಳೆ ಹಾಕ್ತೀನಿ, ಅವ್ರು ಎದ್ದು ಬರ್ತಾರೆ. ಈ ಗಲಾಟೇಲಿ ಕೂಗಿದ್ರೆ ಎಲ್ಲಿ ಕೇಳತ್ತೆ? ಸಂದೀಲಿ ಗಾಳಿ ಬಿಟ್ಟರೆ ಮಾತ್ರ ಆ ಸಿಳ್ಳೆ ಬರೋದು. ಹಲ್ಲು ಹೋದ ಮೇಲೆ ನಾಲ್ಕು ತಿಂಗಳಿಂದ ನಾನೇ ಲೋಟ ಹಿಡ್ಕೊಂಡು ರಸ್ತೆ ದಾಟ್ತಿದೀನಿ. ಆ ಮೇಣದ ಹಲ್ಲಲ್ಲಿ ಸಿಳ್ಳೆ ಹಾಕಿ ನೋಡಿದ್ದೆ, ಡಾಕ್ಟರು ಕುರ್ಚಿಯಿಂದ ಹಾರಿಬಿದ್ರು!"

ಹೇಳುತ್ತಾ ಹೇಳುತ್ತಾ ನಕ್ಕರು, ನನಗೆ ನಗು ಬರಲಿಲ್ಲ. ನಾನು ಮುಚ್ಚಿದ್ದು ಒಂದು ಸಂದಿಯನ್ನಲ್ಲ, ಈ ಮುದುಕಿಯ ಬಾಯನ್ನೇ. ಕೈ ಮುಗಿದು, ಕ್ಷಮಿಸಿ ಅಜ್ಜಿ ಎಂದೆ. ಅವರು ಹಲ್ಲಿನ ಸೆಟ್ಟನ್ನು ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿ ನನ್ನ ಕೈಗಿಟ್ಟು, "ಈ ಸಲ ಚೀಟೀಲಿ ಬರೆದ ಹಾಗೆ ಮಾಡು" ಎಂದರು. ಅಷ್ಟೇ.

ಬೀದಿಯಲ್ಲಿ ನಡೆಯುತ್ತಾ ಗುಸುಕಿಗೆ ಹೇಳಿದೆ. "ನಿನ್ನೆ ನಿಂಗೆ ಹೇಳ್ಬೇಡ ಅಂದ್ನಲ್ಲ, ಅದು ತಪ್ಪು. ವಾಪಸ್ ತಗೊಂಡೆ. ಮೇಡಂ ಏನು ಕೇಳಿದ್ರೂ ಹೇಳು. ಕೇಳದೇ ಇದ್ದರೂ ನಿಂಗೆ ಹೇಳ್ಬೇಕು ಅನ್ಸಿದ್ದೆಲ್ಲಾ ಹೇಳು."

"ಹೇಳಿದ್ರೆ ನನ್ನ ಕಳಿಸ್ಬಿಟ್ರೆ?"

ಅವಳೂ ಲೆಕ್ಕ ಹಾಕಿಯೇ ಇದ್ದಳು ಎಂದು ಆಗ ತಿಳಿಯಿತು. ಇಲ್ಲ, ಕಳಿಸಲ್ಲ ಎನ್ನಲು ಬಾಯಿ ತೆರೆದೆ. ಅದು ನನಗೆ ಗೊತ್ತಿರಲಿಲ್ಲ.

"ಗೊತ್ತಿಲ್ಲ ಕಣೇ. ಕಳಿಸಬಾರದು ಅಂತ ನಂಗೆ ತುಂಬಾ ಆಸೆ. ಆದ್ರೂ ನೀನು ಹೇಳು" ಎಂದೆ. ಅವಳು ಶಾಲೆಯ ಗೇಟಿನವರೆಗೂ ಕೈ ಬಿಡಲಿಲ್ಲ.

ಡಾಕ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, "ಇದು ಮೊದಲನೇ ಸಲವಾ?" ಎಂದು ಕೇಳಿದರು. ಸಿಕ್ಕಿಬಿದ್ದದ್ದು ಮೊದಲನೇ ಸಲ ಎಂದೆ. ಅವರು ಬಯ್ಯಲಿಲ್ಲ, ನಗಲೂ ಇಲ್ಲ. ಫೋನ್ ಬಂದರೆ ಇದನ್ನೂ ಹೇಳಬೇಕಾಗುತ್ತೆ ಎಂದರು. ಹೇಳಿ ಎಂದೆ. ಆ ಎರಡನ್ನೂ ಅಕ್ಕಪಕ್ಕದವನ್ನೂ ಸೇರಿಸಿ ನಾಲ್ಕು ಹಲ್ಲು ಕೊರೆದು ಕಿತ್ತು, ಮತ್ತೆ ಮೇಣದಲ್ಲಿ ಊರಿ, ಅಳತೆ ಹಿಡಿದು ಸಂದಿ ಬಿಟ್ಟೆ. ನನ್ನ ಕೈ ಎರಡು ಸಲ ತಾನಾಗಿಯೇ ಅದನ್ನು ಮುಚ್ಚಲು ಹೋಯಿತು, ಬೆರಳಿಗೆ ಒಂದು ಪೆಟ್ಟು ಕೊಟ್ಟುಕೊಂಡೆ. ಗುರುವಾರ ಅಜ್ಜಿ ಬಂದು ಮೇಣದಲ್ಲೇ ಸಿಳ್ಳೆ ಹಾಕಿ ನೋಡಿ ಒಪ್ಪಿದರು. ಆಮೇಲೆ ಬೇಯಿಸಿದೆ.

ಅದೇ ಸಂಜೆ ಎಂಟನೆಯ ಪುಟವನ್ನು ಹೊಸದಾಗಿ ಬರೆದೆ. ಈ ಸಲ ಎರಡು ಹಾಳೆ ಬೇಕಾಗಲಿಲ್ಲ.

'ಸುಳ್ಳು ಹೇಳಬಾರದು ಎಂದು ನಂಬುತ್ತೇನೆ. ಆದರೂ ಹೇಳುತ್ತೇನೆ. ಈ ಮಂಗಳವಾರ ಒಂದು ಹೇಳಿದೆ, ಬುಧವಾರ ಹೋಗಿ ಒಪ್ಪಿಕೊಂಡೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ. ಕೂಗುತ್ತೇನೆ, ಕೈ ಎತ್ತುವುದಿಲ್ಲ. ಓರೆಕೋರೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಈ ಮಗುವಿನಲ್ಲಿ ಏನನ್ನಾದರೂ ತಿದ್ದುವ ಮುಂಚೆ ಅದು ಯಾರಿಗೆ ಚೆನ್ನಾಗಿ ಕಾಣಲಿ ಎಂದು ತಿದ್ದುತ್ತಿದ್ದೇನೆ ಎಂದು ಕೇಳಿಕೊಳ್ಳುತ್ತೇನೆ. ಯಾವ ಮಗುವಿಗೂ ದೊಡ್ಡವರು "ಯಾರಿಗೂ ಹೇಳಬೇಡ" ಎನ್ನಬಾರದು ಎಂದು ನಂಬುತ್ತೇನೆ. ನಾನು ಅಂದಿದ್ದೇನೆ, ಅದೂ ಇದೇ ಮಂಗಳವಾರ. ಇನ್ನು ಅನ್ನುವುದಿಲ್ಲ. ಯಾರ ಮೇಲೂ ಸುಮ್ಮನೆ ತಪ್ಪು ಹೊರಿಸುವುದಿಲ್ಲ.'

ಕೊನೆಯ ಸಾಲೊಂದು ಹಳೆಯದರಿಂದ ಹಾಗೇ ಬಂತು. ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಗಂಡ ಓದಿದರು, ಆ ಸಾಲಿನ ಹತ್ತಿರ ಮತ್ತೆ ಕೆಮ್ಮಿದರು. "ಕಷಾಯ ಮಾಡ್ಕೊಡ್ಲಾ?" ಎಂದೆ ಕೆಂಡದಂಥ ದನಿಯಲ್ಲಿ. ಬೇಡ ಎಂದರು.

ಶುಕ್ರವಾರ ನಾಲ್ಕು ಗಂಟೆಗೆ ಅಧಿಕಾರಿಣಿ ಬಂದರು. ನನ್ನಷ್ಟೇ ವಯಸ್ಸು, ಕಂಕುಳಲ್ಲಿ ದಪ್ಪನೆಯ ಕಡತ. ಬಿಸಿಲಿನಲ್ಲಿ ನಡೆದು ಬಂದು ಸುಸ್ತಾಗಿದ್ದರು. ಏಳು ಪುಟ ತಿರುವಿ ಹಾಕಿದರು, ಎಂಟನೆಯದನ್ನು ಎರಡು ಸಲ ಓದಿದರು. ಮುಖದಲ್ಲಿ ಏನೂ ತೋರಲಿಲ್ಲ. ನಮಗೆ ನಾಲ್ಕು ಪ್ರಶ್ನೆ ಕೇಳಿ, "ಮಗು ಹತ್ರ ಸ್ವಲ್ಪ ಮಾತಾಡ್ತೀನಿ. ಹತ್ತು ನಿಮಿಷ ಸಾಕು. ಇವಳು ಹೆಚ್ಚು ಮಾತಾಡಲ್ಲ, ನಂಗೆ ಗೊತ್ತು" ಎಂದರು. ಇಬ್ಬರೂ ಒಳಗಿನ ಕೋಣೆಗೆ ಹೋದರು, ಬಾಗಿಲು ಮುಚ್ಚಿತು.

ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು. ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತಿದ್ದೆವು. ಚಹಾ ಮಾಡಿದೆ, ಆರಿತು. ಮತ್ತೆ ಬಿಸಿಮಾಡಿದೆ. ಬಾಗಿಲಿನಾಚೆಯಿಂದ ಒಂದು ಸಣ್ಣ ದನಿ ಕೇಳಿಸುತ್ತಿತ್ತು. ಮಾತುಗಳು ತಿಳಿಯುತ್ತಿರಲಿಲ್ಲ, ದನಿ ಮಾತ್ರ ನಿಲ್ಲದೆ ಒಂದೇ ಸಮನೆ ಹೋಗುತ್ತಿತ್ತು.

"ಯಾರ್ರೀ ಅದು ಮಾತಾಡ್ತಿರೋದು?" ಎಂದು ಪಿಸುಗುಟ್ಟಿದೆ.

"ನಮ್ಮ ಗುಸುಕಿ" ಎಂದರು ಗಂಡ. ಅವರ ಕಣ್ಣು ತುಂಬಿತ್ತು. ನಾನು ನೋಡಲಿಲ್ಲ ಎಂಬಂತೆ ಒಲೆ ಒರೆಸಿದೆ. ಏನು ಹೇಳುತ್ತಿದ್ದಾಳೋ, ಅದರಿಂದ ನಮ್ಮ ಮನೆ ಉಳಿಯುತ್ತದೋ ಇಲ್ಲವೋ ಎಂಬ ಭಯವಿತ್ತು. ಆದರೂ ಆ ದನಿ ನಿಲ್ಲದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಬಾಗಿಲು ತೆರೆಯಿತು. ಅಧಿಕಾರಿಣಿ ತಲೆ ಹೊರಹಾಕಿ, "ನಿಮ್ಮಲ್ಲಿ ಖಾಲಿ ಹಾಳೆ ಇದೆಯಾ? ನಂದು ಮುಗಿದುಹೋಯ್ತು" ಎಂದರು. ಮೇಜಿನ ಖಾನೆ ಎಳೆದೆ. ಕೈಗೆ ಸಿಕ್ಕಿದ್ದು ಸೋಮವಾರದ ಆ ಎರಡು ಹಾಳೆಗಳೇ. ಒಂದು ಮಗ್ಗುಲು ಖಾಲಿಯಿತ್ತಲ್ಲ. ಹುಡುಕುತ್ತಾ ಕೂರಲು ಹೊತ್ತಿರಲಿಲ್ಲ, ಕೊಟ್ಟೆ. ಬಾಗಿಲು ಮತ್ತೆ ಮುಚ್ಚಿತು. ದನಿ ಮತ್ತೆ ಶುರುವಾಯಿತು.

ಅವರು ಹೊರಗೆ ಬಂದಾಗ ಐದೂವರೆ. ಕುರ್ಚಿಯಲ್ಲಿ ಕೂತು ಆರಿದ ಚಹಾವನ್ನೇ ಕುಡಿದರು. "ಈ ಕಡತ ಮೂರು ವರ್ಷದಿಂದ ನನ್ನ ಹತ್ರ ಇದೆ. 'ಮಗುವಿನ ಮಾತು' ಅಂತ ಒಂದು ಕಾಲಂ ಇರತ್ತೆ. ಪ್ರತಿ ಸಲ 'ಮಗು ಮಾತಾಡಲಿಲ್ಲ' ಅಂತ ಬರೀತಾ ಬಂದೆ. ಇವತ್ತು ಹಿಂದಿನ ಮೂರೂ ಮನೆ ವಿಷಯ ಹೇಳಿದಳು. ಅದನ್ನ ನಾನು ವಿಚಾರಿಸ್ಬೇಕು, ವಿಚಾರಿಸ್ತೀನಿ." ನನ್ನ ಹಳೆಯ ಹಾಳೆಯನ್ನು ತಿರುಗಿಸಿದರು. "ಈ ಕಡೆ 'ನಾನು ಎಂದಿಗೂ ಸುಳ್ಳು ಹೇಳುವುದಿಲ್ಲ' ಅಂತಿದೆ. ಆ ಕಡೆ, ನೀವು ಅಜ್ಜಿಗೆ ಸುಳ್ಳು ಹೇಳಿದ್ದು, ಇವಳಿಗೆ ಹೇಳ್ಬೇಡ ಅಂದದ್ದು, ಆಮೇಲೆ ಹೇಳು ಅಂದದ್ದು, ಎಲ್ಲಾ ಇದೆ."

"ಹೌದು ಮೇಡಂ" ಎಂದೆ. ಬೇರೇನು ಹೇಳಲಿ?

"ಡಾಕ್ಟರೂ ಹೇಳಿದ್ರು." ಪೆನ್ನು ತೆಗೆದು ಕಡತದ ಕೊನೆಯ ಹಾಳೆಯಲ್ಲಿ ನಮ್ಮೆದುರಿಗೇ ಬರೆದರು. ತಲೆಕೆಳಗಾಗಿ ಓದುವುದು ನನಗೆ ಕಷ್ಟವಲ್ಲ, ಹಲ್ಲನ್ನು ಹಾಗೇ ನೋಡುವವಳು ನಾನು. 'ಮಗು ಈ ಮನೆಯಲ್ಲೇ ಇರಲಿ.' ಕೆಳಗೆ ಸಹಿ. ನನ್ನ ಗಂಡ ಗೋಡೆಗೆ ಒರಗಿಕೊಂಡರು.

ಅಧಿಕಾರಿಣಿ ಎದ್ದು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಗುಸುಕಿ ನನ್ನ ತೋಳು ಜಗ್ಗಿದಳು.

"ಇವ್ಳೇ. ಎಲ್ಲಾ ಹೇಳ್ದೆ. ಒಂದು ಬಿಟ್ಟು."

"ಯಾವುದು?"

"ಅದು ನಿಂಗೇ ಹೇಳ್ಬೇಕು ಅಂತ ಇಟ್ಕೊಂಡೆ." ನನ್ನ ತೋಳು ಬಿಟ್ಟಳು. "ಆ ಕನ್ನಡಿ ಒಡೆದದ್ದು ರೀ ಅಲ್ಲ. ನಾನು. ಬಂದ ನಾಲ್ಕನೇ ದಿನ."

ಹೇಳಿದವಳೇ ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಭುಜಗಳನ್ನು ಕಿವಿಯವರೆಗೆ ಎತ್ತಿಕೊಂಡು ನಿಂತಳು. ನಾನು ಗಂಡನ ಕಡೆ ತಿರುಗಿದೆ. ಆ ಮಹಾನುಭಾವರು ಖಾಲಿ ಚಹಾ ಪಾತ್ರೆಯೊಳಗೆ ಏನೋ ಹುಡುಕುತ್ತಿದ್ದರು.

"ರೀ! ಎರಡು ವರ್ಷ! ನೂರು ಸಲ ಬೈಸ್ಕೊಂಡ್ರಲ್ಲ ನನ್ನ ಕೈಲಿ!"

"ಬೈಗುಳ ನಂಗೆ ಅಭ್ಯಾಸ ಕಣೇ" ಎಂದರು ಪಾತ್ರೆಗೇ ಹೇಳುವಂತೆ. "ಮಗು ಹೊಸದು. ಓಡಿಹೋದ್ರೆ ಅಂತ..."

ನನಗೆ ಅಳು ಬಂತೋ ನಗು ಬಂತೋ, ಎರಡೂ ಒಟ್ಟಿಗೆ ಬಂದವು. ಹೊರಗೆ ಓಡಿ, "ಮೇಡಂ, ನಿಲ್ಲಿ! ಎಂಟನೇ ಪುಟ ಕೊಡಿ, ಒಂದು ಸಾಲು ತಪ್ಪಿದೆ" ಎಂದು ಕೂಗಿದೆ. ಅವರು ನಿಂತು, ಕಡತ ಬಿಚ್ಚಿ, ತಮ್ಮದೇ ಪೆನ್ನು ಕೊಟ್ಟರು. ಮೆಟ್ಟಿಲ ಮೇಲೆ ಕೂತು ಕೊನೆಯ ಸಾಲನ್ನು ಉದ್ದಕ್ಕೆ ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿದೆ.

"ಇನ್ನೂ ಮೇಣದಲ್ಲೇ ಇದೆಯಾ ಇದು?" ಎಂದರು ಅಧಿಕಾರಿಣಿ. ಆ ವಿಷಯವನ್ನೂ ನಮ್ಮ ಹುಡುಗಿ ಹೇಳಿದ್ದಳು.

"ಇದನ್ನ ಬೇಯಿಸೋ ಹಾಗೆ ಕಾಣಲ್ಲ ಮೇಡಂ" ಎಂದೆ.

ಒಳಗೆ ಬಂದರೆ ಗುಸುಕಿ ಬಿಟ್ಟ ಜಾಗದಲ್ಲೇ ನಿಂತಿದ್ದಳು. ಭುಜ ಇನ್ನೂ ಇಳಿದಿರಲಿಲ್ಲ. ಒಂದು ಕಣ್ಣು ಮಾತ್ರ ತೆರೆದಳು.

"ಇವ್ಳೇ, ಬೈಯಲ್ವಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಬೈತೀನಿ" ಎಂದೆ. "ಮೊದ್ಲು ಹಾಲು ಕುಡಿ."